ನೀಲಿಯನ್ನು ಕಾಯ್ದದ್ದು ಗಿಡವೂ ಅಲ್ಲ, ಮಣ್ಣೂ ಅಲ್ಲ

ಬಿಳಿ ಬಟ್ಟೆಗೆ ಹಾಕುವ ನೀಲಿ ಪುಡಿ ಮನೆಯಲ್ಲಿದ್ದರೆ ಒಂದು ಚಿಟಿಕೆ ತಟ್ಟೆಗೆ ಹಾಕಿ, ಮೇಲೆ ನಿಂಬೆಹಣ್ಣು ಹಿಂಡಿ. ಬಾಟಲಿಯಲ್ಲಿ ಬರುವ ದ್ರವ ಬೇಡ, ಅದರ ಜಾತಿಯೇ ಬೇರೆ. ಅಜ್ಜಿಯ ಕಾಲದ ಪುಡಿ ನೀಲಿಯೇ ಆಗಬೇಕು. ಸ್ವಲ್ಪ ಹೊತ್ತಿನಲ್ಲಿ ಬಣ್ಣ ಕಳೆಗುಂದತೊಡಗುತ್ತದೆ. ಮೂಗು ಹತ್ತಿರ ಒಯ್ದರೆ ಕೊಳೆತ ಮೊಟ್ಟೆಯ ತೆಳು ವಾಸನೆ. ಆ ಪುಡಿಯ ಹೆಸರು ಅಲ್ಟ್ರಾಮರೀನ್. ಕುಲುಮೆಯ ಶಾಖದಲ್ಲಿ ಹುಟ್ಟಿದ ಅಪ್ಪಟ ಖನಿಜ ಬಣ್ಣ. ಸುಣ್ಣದಲ್ಲಿ ಕಲಸಿ ಗೋಡೆಗೆ ಬಳಿದರೆ ವರ್ಷಗಟ್ಟಲೆ ಜಗ್ಗುವುದಿಲ್ಲ. ನಿಂಬೆಹಣ್ಣಿಗೆ ಮಾತ್ರ ಸೋಲುತ್ತದೆ.

ಇನ್ನೊಂದು ನೀಲಿ ಇದೆ. ಮೆಕ್ಸಿಕೋದ ಯುಕಟಾನ್‌ನಲ್ಲಿರುವ ಚಿಚೆನ್ ಇಟ್ಸಾ, ಚಿಯಾಪಾಸ್ ಕಾಡಿನೊಳಗಿನ ಬೊನಾಂಪಾಕ್ ಮೊದಲಾದ ಕಡೆಗಳಲ್ಲಿ ಮಾಯಾ ಜನ ಗೋಡೆಗೆ, ಮಡಕೆಗೆ, ವಿಗ್ರಹಕ್ಕೆ ಬಳಿದದ್ದು. ಬೊನಾಂಪಾಕ್‌ನ ಭಿತ್ತಿಚಿತ್ರಗಳು ಕ್ರಿ.ಶ. 790ರ ಆಸುಪಾಸಿನವು. ಗಾರೆ ಉದುರಿದೆ, ಗೋಡೆ ಬೆವರಿದೆ, ಮೇಲೆ ಸುಣ್ಣದ ಪೊರೆ ಕಟ್ಟಿದೆ. 1940ರ ದಶಕದಲ್ಲಿ ಫೋಟೋ ಚೆನ್ನಾಗಿ ಬರಲೆಂದು ಅದರ ಮೇಲೆ ಸೀಮೆಎಣ್ಣೆ ಸವರಿದವರೂ ಇದ್ದಾರೆ. ಗಾರೆ ಉಳಿದಲ್ಲೆಲ್ಲ ನೀಲಿ ಉಳಿದಿದೆ. ಅದರ ಮೇಲೆ ನಿಂಬೆರಸವಲ್ಲ, ನೈಟ್ರಿಕ್ ಆಮ್ಲ ಬಿಟ್ಟರೂ ಬಣ್ಣ ಅಲ್ಲಾಡುವುದಿಲ್ಲ. ಈ ನೀಲಿ ಕಲ್ಲಿನದಲ್ಲ. ಎಲೆ ಕೊಳೆಸಿ ತೆಗೆದದ್ದು. ನಮ್ಮ ಹೊಲದಂಚಿನಲ್ಲಿ ಬೆಳೆಯುವ ನೀಲಿ ಗಿಡದ ದಾಯಾದಿಯಿಂದ ಬಂದದ್ದು.

ಬಣ್ಣದ ವಿಷಯದಲ್ಲಿ ನಾವು ಅಂಗೈಯಲ್ಲಿಟ್ಟುಕೊಂಡಿರುವ ಒಂದು ನಂಬಿಕೆ ಇಲ್ಲಿಗೇ ಮಣ್ಣು ಮುಕ್ಕುತ್ತದೆ: ಕಲ್ಲಿನ ಬಣ್ಣ ಗಟ್ಟಿ, ಗಿಡದ ಬಣ್ಣ ಪೊಳ್ಳು ಎಂಬುದು. ಆದರೆ ನನ್ನ ತಕರಾರು ಆ ಹಳೆಯ ನಂಬಿಕೆಯ ಮೇಲಲ್ಲ. ಅದು ಹೇಗೂ ಮುದಿಯಾಗಿದೆ. ಈಗ ಅದರ ಜಾಗದಲ್ಲಿ ಮೀಸೆ ತಿರುವುತ್ತ ಕೂತಿರುವ ಹೊಸ ನಂಬಿಕೆಯೊಂದಿದೆಯಲ್ಲ, ಅದರ ಮೇಲೆ. ನೈಸರ್ಗಿಕ ಬಣ್ಣದ ಕಾರ್ಯಾಗಾರಗಳಲ್ಲಿ, ಚೌತಿ ಬಂದಾಗ ಪರಿಸರಸ್ನೇಹಿ ಮೂರ್ತಿಗಳ ಮಳಿಗೆಗಳಲ್ಲಿ ಅದನ್ನು ಕೇಳಿದ್ದೇನೆ. ಗಿಡದ ಬಣ್ಣಕ್ಕೆ ಜೇಡಿಮಣ್ಣು ಬೆರೆಸಿದರೆ ಸಾಕು, ಶತಮಾನ ಕಳೆದರೂ ಮಾಸುವುದಿಲ್ಲ, ಮಾಯಾ ಜನ ಮಾಡಿರಲಿಲ್ಲವೇ ಎಂಬ ಮಾತು ಅದು. ಕೇಳಲು ಹಿತವಾಗಿದೆ. ಗಿಡವೂ ನಮ್ಮದು, ಮಣ್ಣೂ ನಮ್ಮದು, ಬಹುರಾಷ್ಟ್ರೀಯ ಕಂಪನಿಗಳಿಗೆ ಏಟು. ಒಂದೇ ತೊಡಕೆಂದರೆ ಮಾತು ನಿಜವಲ್ಲ. ಮಾಯಾ ನೀಲಿ ಅದಕ್ಕೆ ಸಾಕ್ಷಿ ಹೇಳುವುದೂ ಇಲ್ಲ. ಹೊಸ ನಂಬಿಕೆ ಹಳೆಯದನ್ನೇ ತಲೆಕೆಳಗು ಮಾಡಿ ನಿಲ್ಲಿಸಿದ್ದು. ಬಣ್ಣದ ತಾಯಿ ಯಾರು ಎಂದು ಕೇಳಿದರೆ ಬಣ್ಣದ ಆಯುಸ್ಸು ಗೊತ್ತಾಗುತ್ತದೆ ಎಂಬ ತಪ್ಪು ಎಣಿಕೆ ಎರಡರಲ್ಲೂ ಒಂದೇ.

ಹಳೆಯ ನಂಬಿಕೆ ಎಷ್ಟು ಬಲವಾಗಿತ್ತೆಂದರೆ ಬಲ್ಲವರ ಕಣ್ಣನ್ನೂ ಅದು ಮೂರು ದಶಕಗಳಿಗೂ ಹೆಚ್ಚು ಕಾಲ ಕಟ್ಟಿತ್ತು. 1931ರಲ್ಲಿ ಚಿಚೆನ್ ಇಟ್ಸಾದ ಯೋಧರ ದೇಗುಲದ ಬಣ್ಣಗಳನ್ನು ಪರೀಕ್ಷಿಸಿದ ಎಚ್. ಇ. ಮರ್ವಿನ್ ಈ ನೀಲಿ ತಮಗೆ ಗೊತ್ತಿದ್ದ ಯಾವ ಬಣ್ಣದಂತೆಯೂ ಇಲ್ಲವೆಂದು ಗಮನಿಸಿದರು. 1942ರಲ್ಲಿ ರದರ್‌ಫರ್ಡ್ ಗೆಟೆನ್ಸ್ ಮತ್ತು ಜಾರ್ಜ್ ಸ್ಟೌಟ್ ಅದಕ್ಕೆ ಮಾಯಾ ನೀಲಿ ಎಂಬ ಹೆಸರು ಕೊಟ್ಟರು. ಹೆಸರು ಬಂತು, ಉತ್ತರ ಬರಲಿಲ್ಲ. ಆಮ್ಲಕ್ಕೆ ಬಗ್ಗುವುದಿಲ್ಲ, ಹಾಗಾಗಿ ಖನಿಜವೇ ಇರಬೇಕು. ಖನಿಜವಾದರೆ ತಾಮ್ರದ್ದೋ ಕೋಬಾಲ್ಟಿನದೋ ಆಗಿರಬೇಕು. ಅವು ಯಾವುದರ ಲಕ್ಷಣವೂ ಇಲ್ಲ. ಕ್ಷ-ಕಿರಣದಲ್ಲಿ ಕಂಡದ್ದು ಅಟಾಪಲ್ಜೈಟ್, ಅಂದರೆ ಈಗ ಪಾಲಿಗೋರ್ಸ್ಕೈಟ್ ಎಂದು ಕರೆಯುವ ಜೇಡಿಮಣ್ಣು. ಅದೋ ಬೆಳ್ಳಗಿದೆ. ಹಾಗಾದರೆ ನೀಲಿ ಎಲ್ಲಿಂದ? 1962ರಲ್ಲಿ ಗೆಟೆನ್ಸ್ ಬರೆದ ಲೇಖನದ ಶೀರ್ಷಿಕೆಯಲ್ಲೇ ಇದು ಇನ್ನೂ ಬಿಡಿಸದ ಸಮಸ್ಯೆ ಎಂಬ ಒಪ್ಪಿಗೆಯಿತ್ತು.

ಇಲ್ಲಿನ ಸಿಕ್ಕು ತುಸು ನಿಂತು ನೋಡಬೇಕಾದದ್ದು. ಬಟ್ಟೆಯ ನೀಲಿ ಇಂಡಿಗೊ, ಅಂದರೆ ನೀಲಿ ಗಿಡ ಕೊಡುವ ಬಣ್ಣ, ಹೌದೋ ಅಲ್ಲವೋ ಎಂದು ತಿಳಿಯಲು ಒಂದು ಹಳೆಯ ಪರೀಕ್ಷೆಯಿದೆ: ಒಂದು ಹನಿ ನೈಟ್ರಿಕ್ ಆಮ್ಲ ಬಿಡುವುದು. ಇಂಡಿಗೊ ಆದರೆ ಅಲ್ಲಿ ಹಳದಿ ಕಲೆ ಮೂಡುತ್ತದೆ, ಏಕೆಂದರೆ ಆಮ್ಲ ಇಂಡಿಗೊದ ಅಣುವನ್ನು ಮಧ್ಯಕ್ಕೇ ಮುರಿಯುತ್ತದೆ. ಮಾಯಾ ನೀಲಿಯ ಮೇಲೆ ಹಳದಿ ಕಲೆ ಮೂಡಲಿಲ್ಲ. ಆದ್ದರಿಂದ ಇಂಡಿಗೊ ಅಲ್ಲ ಎಂದು ತೀರ್ಮಾನವಾಯಿತು. ಪರೀಕ್ಷೆ ಸರಿಯಾಗಿಯೇ ಇತ್ತು, ಆದರೆ ಅದು ಬಿಡಿ ಇಂಡಿಗೊಗೆ ಮಾಡಿದ ಪರೀಕ್ಷೆ. ಒಳಗೆ ಚಿಲಕ ಹಾಕಿಕೊಂಡು ಕೂತವನನ್ನು ಹೊರಗಿನಿಂದ ಕೂಗಿ, ಉತ್ತರ ಬರಲಿಲ್ಲವೆಂದು ಮನೆ ಖಾಲಿ ಎಂದಂತೆ ಆಯಿತು. ಚಿಲಕದ ಸಾಧ್ಯತೆಯನ್ನು ಮೊದಲು ಎತ್ತಿದವರು ಮಡಕೆಗಳ ಮಣ್ಣನ್ನು ಬದುಕಿಡೀ ಓದಿದ್ದ ಆನಾ ಶೆಪರ್ಡ್. ಅದೇ 1962ರಲ್ಲಿ, ಸಸ್ಯದ ಬಣ್ಣವೊಂದು ಜೇಡಿಮಣ್ಣಿಗೆ ಕಚ್ಚಿಕೊಂಡಿರಬಹುದಲ್ಲವೇ ಎಂದು ಅವರು ಕೇಳಿದರು. 1966ರಲ್ಲಿ ವ್ಯಾನ್ ಓಲ್ಫೆನ್ ಎಂಬ ಮಣ್ಣಿನ ರಸಾಯನತಜ್ಞರು ಇಂಡಿಗೊವನ್ನೂ ಅಟಾಪಲ್ಜೈಟ್‌ಅನ್ನೂ ಕೂಡಿಸಿ ಹದವಾಗಿ ಬಿಸಿಮಾಡಿ, ಆಮ್ಲಕ್ಕೆ ಜಗ್ಗದ ನೀಲಿಯನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿ ತೋರಿಸಿದರು. ಕುಲುಮೆ ಬೇಕಾಗಲಿಲ್ಲ. ನೀರು ಕುದಿಯುವಷ್ಟರ ಆಸುಪಾಸಿನ ಶಾಖ, ಜೊತೆಗೆ ತಾಳ್ಮೆ.

ಗಿಡ-ಮಣ್ಣಿನ ಭಕ್ತರು ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ವ್ಯಾನ್ ಓಲ್ಫೆನ್ ಅದೇ ಬರಹದಲ್ಲಿ ಹೇಳಿದ ಇನ್ನೊಂದು ಮಾತು ಯಾರ ಕಿವಿಗೂ ಬೀಳುವುದಿಲ್ಲ. ಅವರು ಬೇರೆ ಮಣ್ಣುಗಳನ್ನೂ ಪ್ರಯತ್ನಿಸಿದ್ದರು. ಪಿಂಗಾಣಿಗೆ ಬಳಸುವ ಕೇಯೊಲಿನೈಟ್, ನೀರು ಕುಡಿದು ಉಬ್ಬುವ ಮಾಂಟ್ಮೊರಿಲೊನೈಟ್ ಇವೂ ನೀಲಿಯಾದವು. ಆಮ್ಲ ಬಿಟ್ಟಾಗ ಆ ನೀಲಿ ಹೋಯಿತು. ನಿಂತದ್ದು ಪಾಲಿಗೋರ್ಸ್ಕೈಟ್‌ನ ಜೊತೆಗಿನದು, ಮತ್ತು ಅದರ ಸೋದರನಾದ ಸೆಪಿಯೊಲೈಟ್‌ನ ಜೊತೆಗಿನದು. ಮಣ್ಣೆಲ್ಲ ಒಂದೇ ಎಂಬ ಮಾತು ವೇದಾಂತಕ್ಕೆ ಸರಿ, ಬಣ್ಣಕ್ಕಲ್ಲ.

ಕಾರಣ ಮಣ್ಣಿನ ಒಡಲಿನಲ್ಲಿದೆ. ಮಾಂಟ್ಮೊರಿಲೊನೈಟ್ ಒಂದರ ಮೇಲೊಂದು ಪೇರಿಸಿದ ಹಪ್ಪಳದ ಹಾಗೆ: ಪದರ ಪದರ, ನೀರು ಹೊಕ್ಕರೆ ಪದರಗಳ ನಡುವೆ ಅಂತರ ಹಿಗ್ಗುತ್ತದೆ. ಪಾಲಿಗೋರ್ಸ್ಕೈಟ್ ಹುಲ್ಲುಕಡ್ಡಿಗಳ ಕಂತೆ. ಸೂಜಿಯಂಥ ಎಳೆಗಳು, ಒಂದೊಂದರ ಉದ್ದಕ್ಕೂ ಕೊಳವೆಗಳು. ಕೊಳವೆಯ ಬಾಯಿ 0.64 ನ್ಯಾನೋಮೀಟರ್ ಅಗಲ, 0.37 ನ್ಯಾನೋಮೀಟರ್ ಎತ್ತರ. ಸಾಧಾರಣವಾಗಿ ಅದರಲ್ಲಿ ನೀರು ತುಂಬಿರುತ್ತದೆ. ಕಾಯಿಸಿದಾಗ ಆ ನೀರು ಹೊರಬೀಳುತ್ತದೆ. ತೆರವಾದಲ್ಲಿಗೆ ಚಪ್ಪಟೆಯಾದ, ನೀಳವಾದ ಇಂಡಿಗೊ ಅಣು ಉದ್ದುದ್ದಕ್ಕೆ ನುಸುಳಿ ಸಿಕ್ಕಿಕೊಳ್ಳುತ್ತದೆ. ಕೊಳವೆಯ ಆಳಕ್ಕೇ ಇಳಿಯುತ್ತದೋ, ಬಾಯಲ್ಲಿ ಬಿರಡೆಯಂತೆ ಕೂರುತ್ತದೋ, ಹೊರಮೈಯ ಕಾಲುವೆಗಳಲ್ಲಿ ಮಲಗುತ್ತದೋ ಎಂಬ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಮೂರಕ್ಕೂ ಪುರಾವೆ ತರುವವರಿದ್ದಾರೆ. ಕಾಯಿಸದೆ ಬರಿದೇ ಬೆರೆಸಿದ್ದು ಎಂದಿನ ಇಂಡಿಗೊದಂತೆಯೇ ಆಮ್ಲಕ್ಕೆ ಕರಗಿಹೋಗುತ್ತದೆ, ಕಾಯಿಸಿದ್ದು ಹೋಗುವುದಿಲ್ಲ ಎಂಬುದರಲ್ಲಿ ಮಾತ್ರ ಜಗಳವಿಲ್ಲ. ಕಾಯಿಸುವಾಗ ಬಣ್ಣವೂ ಬದಲಾಗುತ್ತದೆ. ಇಂಡಿಗೊದ ಕಪ್ಪುಮಿಶ್ರಿತ ನೀಲಿ ಹೋಗಿ ನವಿಲಿನ ಕೊರಳಿನ ಕಡೆಗೆ ವಾಲುವ ತಿಳಿಯಾದ ಹೊಳಪು ಬರುತ್ತದೆ. ಇಷ್ಟಕ್ಕೆ ಬೇಕಾದ ಇಂಡಿಗೊ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ.

ಹಾಗೆಂದು ಅದು ಅಮರವೂ ಅಲ್ಲ. ಗಡುಸಾದ ಆಮ್ಲದಲ್ಲಿ ಬಹಳ ಹೊತ್ತು ಕುದಿಸಿದರೆ ಮಾಯಾ ನೀಲಿಯೂ ಸಾಯುತ್ತದೆ. ಅತಿಯಾಗಿ ಕಾಯಿಸಿದರೆ ಒಳಗಿನ ಇಂಡಿಗೊ ಸುಟ್ಟುಹೋಗುತ್ತದೆ.

ಇಂಡಿಗೊ ತಾನಾಗಿಯೇ ಅಬಲೆಯಲ್ಲ ಎಂಬುದನ್ನೂ ಮರೆಯಬಾರದು. ನೀರಿನಲ್ಲಿ ಕರಗುವುದಿಲ್ಲ. ಬೆಳಕು ಬಿದ್ದಾಗ ಹೀರಿದ ಶಕ್ತಿಯನ್ನು ತನ್ನ ಅಣು ಮುರಿಯುವ ಮೊದಲೇ ಬಿಸಿಯಾಗಿ ಚೆಲ್ಲಿಬಿಡುವ ಗುಣ ಅದಕ್ಕಿದೆ. ಅರಿಶಿನಕ್ಕೆ ಆ ಭಾಗ್ಯವಿಲ್ಲ, ಬೀಟ್‌ರೂಟಿಗೆ ಅಷ್ಟೂ ಇಲ್ಲ. ಮಾಯಾ ನೀಲಿಯ ಹೆಸರಿನಲ್ಲಿ ಅರಿಶಿನ ಮಾರುವವರು ಇದನ್ನು ಹೇಳುವುದಿಲ್ಲ.

ಬಾಯಿಮಾತೇ ಸಾಕಾಗದೆ ಒಂದು ಬೇಸಿಗೆಯಲ್ಲಿ ನಾನೂ ಅಡುಗೆಮನೆಯಲ್ಲಿ ರಸಾಯನಶಾಸ್ತ್ರಕ್ಕಿಳಿದೆ. ಅರಿಶಿನವನ್ನು ಮುಲ್ತಾನಿ ಮಿಟ್ಟಿಯ ಜೊತೆ ನುಣ್ಣಗೆ ಅರೆದು, ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಕಾಯಿಸಿ, ಅಂಟಿನಲ್ಲಿ ಕಲಸಿ ರಟ್ಟಿನ ಮೇಲೆ ಬಳಿದೆ. ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ ತಾರಸಿಯ ಮೇಲಿಟ್ಟೆ. ಎರಡು ವಾರ ಕಳೆದ ಮೇಲೆ ಮುಚ್ಚಿದ ಅರ್ಧ ಮದುವಣಗಿತ್ತಿಯ ಕೆನ್ನೆ, ತೆರೆದ ಅರ್ಧ ಬರೀ ಮುಲ್ತಾನಿ ಮಿಟ್ಟಿ. ಅಂದು ಪಾತ್ರೆ ತೊಳೆಯುವಾಗ ಸೋಪಿನ ನೀರು ತಾಗಿದ ಕಡೆ ಹಳದಿ ಕೆಂಪಾಗಿದ್ದದ್ದನ್ನು ಕಂಡಾಗಲೇ ನಾನು ಅರ್ಥಮಾಡಿಕೊಳ್ಳಬೇಕಿತ್ತು: ಮಣ್ಣು ಅರಿಶಿನವನ್ನು ಅಪ್ಪಿಕೊಂಡಿರಲೇ ಇಲ್ಲ, ಪಕ್ಕದಲ್ಲಿ ಕೂರಿಸಿಕೊಂಡಿತ್ತು ಅಷ್ಟೆ. ಸೊಸೆಯ ಜಾತಕ ಒಳ್ಳೆಯದೆಂದು ಮಗನದ್ದನ್ನು ನೋಡದೆ ಮದುವೆ ನಿಶ್ಚಯಿಸಿದ್ದೆ.

ನನ್ನ ತಾರಸಿಯ ಸಾಕ್ಷ್ಯ ಹಗುರವೆನಿಸಿದರೆ ಹಾಲೆಂಡಿನ ಚಿತ್ರಕಾರರನ್ನು ಕೇಳಬಹುದು. 18ನೇ ಶತಮಾನದ ಯಾನ್ ವಾನ್ ಹೌಸಮ್ ಮೊದಲಾದವರ ಹೂವಿನ ಚಿತ್ರಗಳಲ್ಲಿ ಎಲೆಗಳು ನೀಲಿಯಾಗಿವೆ. ಅವರು ನೀಲಿ ಎಲೆ ಬರೆಯಲಿಲ್ಲ. ನೀಲಿಯ ಜೊತೆಗೆ ಗಿಡದ ಹಳದಿಯನ್ನು ಸೇರಿಸಿ ಹಸಿರು ಮಾಡಿದ್ದರು. ಆ ಹಳದಿಯನ್ನು ಕಾಯಿಗಳಿಂದಲೋ ಸೊಪ್ಪಿನಿಂದಲೋ ತೆಗೆದು, ಪಟಿಕದ ನೆರವಿನಿಂದ ಸೀಮೆಸುಣ್ಣದಂಥ ಬಿಳಿ ಪುಡಿಯ ಮೇಲೆ ಇಳಿಸಿ, ಒಣಗಿಸಿ ಬಣ್ಣವಾಗಿ ಮಾರುತ್ತಿದ್ದರು. ಗಿಡದ ರಸ ಮತ್ತು ಬಿಳಿ ಪುಡಿ, ನಮ್ಮ ಮಳಿಗೆಯವರ ಸೂತ್ರವೇ. ಬೆಳಕು ಆ ಹಳದಿಯನ್ನು ತಿಂದು ಹಾಕಿತು. ಅಡಿಯ ನೀಲಿ ಉಳಿಯಿತು. ಹಾಗೆಂದು ಗಿಡದ ಬಣ್ಣವೆಲ್ಲ ಹೀಗೆ ಎನ್ನಲೂ ಬಾರದು. ಮಂಜಿಷ್ಠೆಯ ಬಳಗದ ಬೇರಿನಿಂದ ತೆಗೆದ ಕೆಂಪು ಇದೇ ಬಗೆಯಲ್ಲಿ ತಯಾರಾಗಿ ಎಷ್ಟೋ ಹೆಚ್ಚು ಕಾಲ ಬಾಳಿದೆ. ಖನಿಜಗಳದ್ದೂ ಇದೇ ಕತೆ: ಅಲ್ಟ್ರಾಮರೀನ್ ಆಮ್ಲಕ್ಕೆ ಅಂಜುತ್ತದೆ, ಪ್ರಷ್ಯನ್ ನೀಲಿ ಸುಣ್ಣಕ್ಕೆ ಅಂಜುತ್ತದೆ, ಕೋಬಾಲ್ಟ್ ಗಾಜನ್ನು ಪುಡಿಮಾಡಿದ ಸ್ಮಾಲ್ಟ್ ಎಣ್ಣೆಯಲ್ಲಿ ಬೂದಿಯ ಬಣ್ಣಕ್ಕಿಳಿಯುತ್ತದೆ. ಪ್ರತಿ ಬಣ್ಣಕ್ಕೂ ಅದರದ್ದೇ ಶತ್ರು.

ಹೂವು ಹಣ್ಣುಗಳ ಕೆಂಪು-ನೇರಳೆಗೆ ಕಾರಣವಾದ ಆಂಥೊಸಯಾನಿನ್‌ಗಳ ವಿಷಯ ಇದನ್ನು ಇನ್ನಷ್ಟು ಬಿಡಿಸಿ ತೋರಿಸುತ್ತದೆ. ನೇರಳೆಹಣ್ಣು ತಿಂದ ನಾಲಿಗೆ, ಪುನರ್ಪುಳಿಯ ಶರಬತ್ತು ಎಲ್ಲವೂ ಅದರದ್ದೇ ಆಟ. ಆಮ್ಲದಲ್ಲಿ ಅದರ ಅಣು ಧನ ವಿದ್ಯುದಂಶ ಹೊತ್ತು ಕೆಂಪಗಿರುತ್ತದೆ. ಆಮ್ಲ ಇಳಿಯಿತೆಂದರೆ ನೀರಿನ ಅಣುವೊಂದು ಬಂದು ಕಚ್ಚಿಕೊಂಡು ಬಣ್ಣವೇ ಮಾಯ. ಇದಕ್ಕೆ ಇಂಡಿಗೊದ ಔಷಧ ನಾಟುವುದಿಲ್ಲ. ಬೇಕಾದದ್ದು ಆ ಧನ ಅಂಶವನ್ನು ಹಿಡಿದಿಟ್ಟು ನೀರನ್ನು ದೂರವಿಡುವ ಆಸರೆ. ಪದರಗಳ ಮೇಲೆ ಋಣ ವಿದ್ಯುದಂಶವಿರುವ ಮಾಂಟ್ಮೊರಿಲೊನೈಟ್, ಇಂಡಿಗೊಗೆ ಒದಗದ ಆ ಹಪ್ಪಳದ ಅಟ್ಟಿ, ಇಲ್ಲಿ ಒದಗುತ್ತದೆ. ಆ ಜೋಡಿಯಲ್ಲಿ ಬಣ್ಣ ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಬ್ರೆಜಿಲ್, ಜಪಾನ್‌ಗಳ ಪ್ರಯೋಗಶಾಲೆಗಳು ತೋರಿಸಿವೆ. ಆದರೆ ಮೊದಲಿಗಿಂತ ಹೆಚ್ಚು ಎನ್ನುವುದಕ್ಕೂ ಬೊನಾಂಪಾಕ್‌ಗೂ ಬಲು ದೂರ. ಸಾವೊ ಪೌಲೋ ವಿಶ್ವವಿದ್ಯಾಲಯದ ಫ್ರ್ಯಾಂಕ್ ಕ್ವಿನಾ ಮತ್ತು ಸಂಗಡಿಗರು ಮಾಡಿದ್ದು ಗಮನಿಸಬೇಕಾದ ಕೆಲಸ. ಅವರು ಹಣ್ಣು ಹಿಂಡುತ್ತ ಕೂರಲಿಲ್ಲ. ಆಂಥೊಸಯಾನಿನ್‌ನ ಬಣ್ಣ ಹೊರುವ ತಿರುಳನ್ನಷ್ಟೇ ಹೋಲುವ ಅಣುಗಳನ್ನು ಪ್ರಯೋಗಶಾಲೆಯಲ್ಲಿ ಕಟ್ಟಿ, ಅವನ್ನು ಪಾಲಿಗೋರ್ಸ್ಕೈಟ್, ಸೆಪಿಯೊಲೈಟ್‌ಗಳಿಗೆ ಕೂಡಿಸಿ ನೋಡಿದರು. ಸಸ್ಯದಂಥ ಬಣ್ಣ, ಸಸ್ಯದ್ದಲ್ಲ.

ಇಟಲಿಯ ಟ್ಯೂರಿನ್‌ನಲ್ಲಿ ರಾಬರ್ಟೊ ಜುಸ್ಟೆಟ್ಟೊ ಮತ್ತಿತರರು ಮಾಯಾ ನೀಲಿಯ ಮಾದರಿಯಲ್ಲೇ ಒಂದು ಕೆಂಪನ್ನು ತಯಾರಿಸಿದರು. ಅದಕ್ಕಾಗಿ ಪಾಲಿಗೋರ್ಸ್ಕೈಟ್‌ಗೆ ಕೂಡಿಸಿದ ಬಣ್ಣ ಯಾವುದು? ಮೀಥೈಲ್ ರೆಡ್. ಪಿಯುಸಿ ಪ್ರಯೋಗಶಾಲೆಯಲ್ಲಿ ಆಮ್ಲ-ಕ್ಷಾರದ ಸೂಚಕವಾಗಿ ಹನಿ ಹನಿ ಬಿಡುತ್ತೇವಲ್ಲ, ಆ ಶುದ್ಧ ರಾಸಾಯನಿಕ. ಯಾವ ಗಿಡದ ವಾಸನೆಯೂ ಇಲ್ಲದ್ದು. ಮಾಯಾ ನೀಲಿಯ ವಂಶದ ಕುಡಿ ಅದೂ ಆಗಬಹುದಾದರೆ, ಗಿಡ ಎಂಬ ಮಾತಿಗೆ ಇಲ್ಲಿ ಏನು ಕೆಲಸ?

ಇಂಡಿಗೊದಲ್ಲೇ ನೋಡೋಣ. ಮಾಯಾ ಜನ ಬಳಸಿದ ಗಿಡ, ಭಾರತದ ನೀಲಿ ಗಿಡ, ಯೂರೋಪಿನ ವೋಡ್, ಜಪಾನಿನ ಆಯಿ ಎಲ್ಲವೂ ಬೇರೆ ಬೇರೆ ಸಸ್ಯಗಳು. ಕೊಡುವ ಅಣು ಒಂದೇ. 1897ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿ ಮಾರುಕಟ್ಟೆಗಿಳಿಸಿದ ಕೃತಕ ಇಂಡಿಗೊದ ಅಣುವೂ ಅದೇ. ಕೊಳವೆಯ ಬಾಯಿ ಕುಲಗೋತ್ರ ವಿಚಾರಿಸುವುದಿಲ್ಲ. ಕೃತಕ ಇಂಡಿಗೊದಿಂದ ಮಾಡಿದ ಮಾಯಾ ನೀಲಿಯೂ ಅಷ್ಟೇ ಗಟ್ಟಿ. ಪ್ರಾಸಂಗಿಕವಾಗಿ ಒಂದು ಮಾತು: ಸ್ಪೇನಿನವರು ಮೆಕ್ಸಿಕೋದಲ್ಲಿ ಈ ಬಣ್ಣವನ್ನು ಕಂಡಾಗ ಅದಕ್ಕೆ ಆನ್ಯಿಲ್ ಎಂದರು. ಅದು ಅರಬರ ಅಲ್-ನೀಲ್. ಅರಬರಿಗೆ ಆ ಪದ ಸಿಕ್ಕಿದ್ದು ನಮ್ಮ ನೀಲದಿಂದ. ಮಾಯಾ ನಾಡಿನ ಗಿಡಕ್ಕೆ ಹೊರಗಿನವರು ಹೀಗೆ ನಮ್ಮ ಹೆಸರನ್ನೇ ಹೊದಿಸಿದರು. ಹೆಮ್ಮೆ ಪಡುವುದಾದರೆ ಅಷ್ಟಕ್ಕೆ ಪಡಬಹುದು.

ಹೆಮ್ಮೆಯ ಮಾತು ಬಂದದ್ದರಿಂದ ಇನ್ನೊಂದು ಭ್ರಮೆಯನ್ನೂ ಮುಟ್ಟಬೇಕು. 1996ರಲ್ಲಿ ಪ್ರತಿಷ್ಠಿತ ಸೈನ್ಸ್ ಪತ್ರಿಕೆಯಲ್ಲಿ ಹೊಸೆ ಯಾಕಾಮಾನ್ ಮತ್ತು ಸಹೋದ್ಯೋಗಿಗಳು ಮಾಯಾ ನೀಲಿಯಲ್ಲಿ ಕಬ್ಬಿಣದಂಥ ಲೋಹದ ನ್ಯಾನೋಕಣಗಳಿವೆ, ಬಣ್ಣಕ್ಕೆ ಅವೂ ಕಾರಣ ಎಂದು ಬರೆದರು. ಅಲ್ಲಿಂದ ಪ್ರಾಚೀನರ ನ್ಯಾನೋ ತಂತ್ರಜ್ಞಾನ ಎಂಬ ಘೋಷಣೆ ಹೊರಟದ್ದು ಇವತ್ತಿಗೂ ನಿಂತಿಲ್ಲ. ಪುಷ್ಪಕ ವಿಮಾನದ ಇಂಜಿನಿಯರಿಂಗ್ ಕೇಳಿ ಬೆಳೆದ ನಮಗೆ ಈ ರಾಗ ಹೊಸದಲ್ಲ. ಕಬ್ಬಿಣದ ಸೋಂಕಿಲ್ಲದ ಮಣ್ಣಿನಿಂದ ಮಾಡಿದಾಗಲೂ ಅದೇ ನೀಲಿ, ಅದೇ ಗಟ್ಟಿತನ ಬಂತು. ಕಣಗಳು ಇದ್ದರೂ ಅವು ಬರೀ ಪ್ರೇಕ್ಷಕರು. ಮಾಯಾ ಕುಶಲಕರ್ಮಿಗೆ ನ್ಯಾನೋಮೀಟರ್ ಗೊತ್ತಿರಲಿಲ್ಲ. ಯಾವ ಗುಂಡಿಯ ಮಣ್ಣು, ಎಷ್ಟು ಬಿಸಿ, ಯಾವಾಗ ಕೆಳಗಿಳಿಸಬೇಕು ಎಂಬುದು ಗೊತ್ತಿತ್ತು. ಎರಡನೆಯದನ್ನು ಮೆಚ್ಚಲು ಮೊದಲನೆಯದನ್ನು ಅವರಿಗೆ ಆರೋಪಿಸಬೇಕೇ?

ಪುರೋಹಿತರ ಕತೆ ಇದಕ್ಕಿಂತ ಸೂಕ್ಷ್ಮ, ಮತ್ತು ಅದರಲ್ಲಿ ತಿರುಳಿದೆ. ಚಿಚೆನ್ ಇಟ್ಸಾದಲ್ಲಿ ಸೆನೋಟೆ ಎಂಬ ದೊಡ್ಡ ಬಾವಿಯಿದೆ. ಬರ ಬಂದಾಗ ಮಳೆದೇವರಿಗೆ ಬಲಿ ಕೊಡುತ್ತಿದ್ದರೆಂದು, ಬಲಿಯ ಮೈಗೆ ನೀಲಿ ಬಳಿಯುತ್ತಿದ್ದರೆಂದು 16ನೇ ಶತಮಾನದ ಬಿಷಪ್ ದಿಯೆಗೊ ದೆ ಲಾಂದಾ ಬರೆದಿದ್ದಾರೆ. 20ನೇ ಶತಮಾನದ ಆರಂಭದಲ್ಲಿ ಎಡ್ವರ್ಡ್ ಥಾಂಪ್ಸನ್ ಆ ಬಾವಿಯ ಹೂಳೆತ್ತಿಸಿದಾಗ ತಳದಲ್ಲಿ 14 ಅಡಿ ದಪ್ಪದ ನೀಲಿ ಕೆಸರು ಸಿಕ್ಕಿತು. ಅಲ್ಲಿ ಸಿಕ್ಕ ಒಂದು ಬೋಗುಣಿ ಶಿಕಾಗೋದ ಫೀಲ್ಡ್ ಮ್ಯೂಸಿಯಂ ಸೇರಿತ್ತು. 2008ರಲ್ಲಿ ಡೀನ್ ಆರ್ನಾಲ್ಡ್ ಮತ್ತು ಸಂಗಡಿಗರು ಅದರಲ್ಲಿದ್ದ ಕೋಪಲ್ ಧೂಪದ ಗಟ್ಟಿಯಲ್ಲಿ ಇಂಡಿಗೊ ಮತ್ತು ಪಾಲಿಗೋರ್ಸ್ಕೈಟ್‌ನ ಗುರುತುಗಳನ್ನು ಕಂಡು, ಬಾವಿಯ ದಡದಲ್ಲಿ ಧೂಪದ ಕೆಂಡದ ಮೇಲೆಯೇ ನೀಲಿಯನ್ನು ತಯಾರಿಸುತ್ತಿದ್ದರು ಎಂದು ವಾದಿಸಿದರು. ಸುಂದರ ವಾದ. ಆದರೆ ಪತ್ರಿಕೆಗಳ ಕೈಯಲ್ಲಿ ಅದು ಕಳೆದುಹೋದ ರಹಸ್ಯ ಬಯಲು ಎಂದಾಯಿತು. ಹೋಮದ ಹೊಗೆಯಲ್ಲಿ ಹುಟ್ಟಿದ್ದರಿಂದಲೇ ಈ ಬಣ್ಣಕ್ಕೆ ಆಯುಸ್ಸು ಎಂಬಂತಾಯಿತು.

ಹಾಗಲ್ಲ ಎನ್ನಲು ಬೇರೆಲ್ಲೂ ಹುಡುಕಬೇಕಿಲ್ಲ, ಮೆಕ್ಸಿಕೋದ ಚರ್ಚುಗಳಿಗೆ ಹೋದರೆ ಸಾಕು. ಕಾನ್ಸ್ತಾಂತಿನೊ ರೆಯೆಸ್-ವಲೇರಿಯೊ ಎಂಬ ಇತಿಹಾಸಕಾರರು ಸ್ಪೇನಿನವರು ಬಂದ ಮೇಲೆ ಕಟ್ಟಿದ ಕಾನ್ವೆಂಟುಗಳ ಚಿತ್ರಗಳಲ್ಲೂ ಮಾಯಾ ನೀಲಿಯನ್ನು ಗುರುತಿಸಿದರು. ತೆಕಮಚಾಲ್ಕೊದಲ್ಲಿ ಹುವಾನ್ ಹೆರ್ಸೊನ್ ಎಂಬ ಸ್ಥಳೀಯ ಕಲಾವಿದ 1562ರಲ್ಲಿ ಬಿಡಿಸಿದ ಬೈಬಲ್ ದೃಶ್ಯಗಳಲ್ಲಿಯೂ ಅದಿದೆ. ಕ್ಯೂಬಾದ ವಸಾಹತುಕಾಲದ ಭಿತ್ತಿಗಳಲ್ಲಿ, 18 ಮತ್ತು 19ನೇ ಶತಮಾನಗಳವರೆಗೂ, ಅದು ಸಿಕ್ಕಿದೆ. ಅಲ್ಲಿ ಬಲಿಯಿಲ್ಲ, ಕೋಪಲ್ ಹೋಮವಿಲ್ಲ. ನೀಲಿ ಮಾತ್ರ ಇದೆ. ರೆಯೆಸ್-ವಲೇರಿಯೊ ಸ್ವತಃ ಗಿಡದ ಎಲೆಗಳನ್ನು ನೆನೆಹಾಕಿ, ಆ ನೀರಿಗೆ ಮಣ್ಣು ಕಲಕಿ, ಸೋಸಿ, ಕಾಯಿಸಿ ನೀಲಿ ತಯಾರಿಸಿದರು. ಆರ್ನಾಲ್ಡ್ ಅವರೂ ಮುಂದೆ, ಒದ್ದೆ ಮಾಡಿಕೊಂಡು ಅರೆದು ಆಮೇಲೆ ಕಾಯಿಸುವ ಇನ್ನೊಂದು ದಾರಿಯೂ ಇತ್ತೆಂದು ಹೇಳಿದರು. ಶಾಖ ಧೂಪದ ಕೆಂಡದ್ದಾದರೇನು, ಒಲೆಯದ್ದಾದರೇನು? ಆ ಬಣ್ಣ ದೇವರಿಗೆ ಪ್ರಿಯವಾಗಿತ್ತು ಎಂಬುದು ಅದನ್ನು ಏಕೆ ಮಾಡಿದರು ಎಂಬುದಕ್ಕೆ ಉತ್ತರ. ಅದು ಏಕೆ ನಿಂತಿತು ಎಂಬುದಕ್ಕಲ್ಲ.

ಪರಿಸರದ ಕಾಳಜಿಯಿಂದ ಮಾತಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಬಣ್ಣಗಳನ್ನು ಕೆರೆಗೆ ಬಿಡುವುದನ್ನು ತಪ್ಪಿಸಲು ಮಣ್ಣು-ಬಣ್ಣದ ಈ ಜೋಡಿಗಳು ನೆರವಾಗುವುದಾದರೆ ಬಹಳ ಒಳ್ಳೆಯದು, ಮತ್ತು ಅಲ್ಲಿಯೇ ಅವುಗಳ ನಿಜವಾದ ಬೆಲೆಯಿದೆ. ಆದರೆ ಮಣ್ಣು ಎಂದ ಮಾತ್ರಕ್ಕೆ ನಿರಪಾಯ ಎಂಬ ಭರವಸೆಯೂ ಅದೇ ಮಳಿಗೆಯಲ್ಲಿ ಸಿಗುತ್ತದೆ. ಪಾಲಿಗೋರ್ಸ್ಕೈಟ್‌ನ 5 ಮೈಕ್ರೋಮೀಟರಿಗಿಂತ ಉದ್ದದ ಎಳೆಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಯಲ್ಲಿ ಇಟ್ಟಿದೆ. ಗಿಡ್ಡ ಎಳೆಗಳ ಮೇಲೆ ಆ ಆರೋಪವಿಲ್ಲ. ಅದನ್ನು ಅರೆಯುವವನ ಮೂಗಿಗೆ ಬಟ್ಟೆ ಬೇಕು ಎಂದು ಕಾರ್ಯಾಗಾರದ ಫಲಕದ ಮೇಲೆ ಯಾರೂ ಬರೆದದ್ದನ್ನು ನಾನು ಕಂಡಿಲ್ಲ.

ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆಯನ್ನು ಈ ಕತೆಯಲ್ಲಿ ಹಿತ್ತಲ ಮಣ್ಣಿಗೆ ಹೇಳಬೇಕು. ವಿದ್ವಾಂಸರು ನೀಲಿ ಖನಿಜದ ಗಣಿ ಎಲ್ಲಿದ್ದಿರಬಹುದೆಂದು ತಲೆ ಕೆಡಿಸಿಕೊಂಡಿದ್ದ ಕಾಲಕ್ಕೆ ಯುಕಟಾನ್‌ನ ಟಿಕುಲ್ ಊರಿನ ಕುಂಬಾರರು ಪಾಲಿಗೋರ್ಸ್ಕೈಟ್‌ಅನ್ನು ದಿನವೂ ಮುಟ್ಟುತ್ತಿದ್ದರು. 1965ರಲ್ಲಿ ಅಲ್ಲಿಗೆ ಹೋದ ಆರ್ನಾಲ್ಡ್ ಆಗಿನ್ನೂ ವಿದ್ಯಾರ್ಥಿ. ಕುಂಬಾರರ ಭಾಷೆ, ಅವರು ಮಣ್ಣನ್ನು ವಿಂಗಡಿಸುವ ರೀತಿ ಕಲಿಯಲು ಹೋಗಿದ್ದವರು. ನೋಡಿದರೆ ಒಂದೇ ಥರ ಕಾಣುವ ಬಿಳಿ ಮಣ್ಣುಗಳಲ್ಲಿ ಒಂದನ್ನು ಮಾತ್ರ ಕುಂಬಾರರು ಬೇರೆಯೇ ಹೆಸರಿಟ್ಟು ಕರೆಯುತ್ತಿದ್ದರು: ಸಾಕ್ ಲು'ಉಮ್. ಮಣ್ಣಿಗೆ ಸೇರಿಸುವ ಮಿಶ್ರಣಕ್ಕೆ ಅದಿದ್ದರೆ ಒಳ್ಳೆಯದು ಎನ್ನುತ್ತಿದ್ದರು, ಅದಿರುವ ಗುಂಡಿಯನ್ನೇ ಹುಡುಕಿ ಅಗೆಯುತ್ತಿದ್ದರು. ಹೊಟ್ಟೆ ಕೆಟ್ಟು ಭೇದಿಯಾದಾಗ ಅದನ್ನೇ ನೀರಿಗೆ ಕದಡಿ ಕುಡಿಸುವ ರೂಢಿಯೂ ಇತ್ತು. ಇದೇ ಖನಿಜವನ್ನು ಅಮೆರಿಕದ ಔಷಧ ಕಂಪನಿಗಳೂ ಭೇದಿಯ ಮದ್ದಿನಲ್ಲಿ ಹಾಕಿ ಮಾರಿವೆ, ಈಗಲೂ ಅಲ್ಲಿ ಬೆಕ್ಕಿನ ಮಲದ ಪೆಟ್ಟಿಗೆಗೆ ಅದನ್ನು ಸುರಿಯುತ್ತಾರೆ. ಆರ್ನಾಲ್ಡ್ ತಂದ ಮಾದರಿಗಳನ್ನು ಇಲಿನಾಯ್ ರಾಜ್ಯದ ಭೂವೈಜ್ಞಾನಿಕ ಸಂಸ್ಥೆಯ ಬ್ರೂಸ್ ಬೋಹರ್ ಪರೀಕ್ಷಿಸಿದಾಗ ಕುಂಬಾರರು ಮಾಡಿದ್ದ ವಿಂಗಡಣೆಯೇ ಖನಿಜಶಾಸ್ತ್ರದ ವಿಂಗಡಣೆಯಾಗಿತ್ತು. ಸಾಕಲುಮ್ ಎಂಬ ಊರಿನ ನಡುವಿನ ಸೆನೋಟೆಯೊಳಗೆ ಇಳಿದು ಈ ಮಣ್ಣನ್ನು ತೆಗೆಯುತ್ತಿದ್ದ ಹಳೆಯ ಗಣಿಯ ಬಗ್ಗೆ 1975ರಲ್ಲಿ ಇಬ್ಬರೂ ಸೇರಿ ಬರೆದರು. ಊರಿಗೆ ಆ ಹೆಸರು ಬಂದದ್ದೂ ಮಣ್ಣಿನಿಂದಲೇ.

ಸಾಕ್ ಲು'ಉಮ್ ಎಂದರೆ ಬಿಳಿ ಮಣ್ಣು. ಟಿಕುಲ್‌ನ ಕುಂಬಾರರಿಗೆ ಆ ಮಣ್ಣಿನ ಒಂದೊಂದು ಉಪಯೋಗವೂ ನೆನಪಿತ್ತು. ನೀಲಿಯ ಉಪಯೋಗ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.